ಕೈಯಿಂದ ಕೈಗೆ

ಚಾಕು ಕೈಯಿಂದ ಕೈಗೆ ಹೋದರೆ ಜಗಳ ಕಟ್ಟಿಟ್ಟ ಬುತ್ತಿ. ಅದಕ್ಕೇ ಮೌನೇಶಾಚಾರಿ ನಲವತ್ತು ವರ್ಷಗಳಲ್ಲಿ ಯಾವ ಗಿರಾಕಿಯ ಕೈಗೂ ಚಾಕು ಕೊಟ್ಟವರಲ್ಲ. ಮೇಜಿನ ಮೇಲಿಟ್ಟು, ಎತ್ತಿಕೊಳ್ಳಿ ಎನ್ನುತ್ತಿದ್ದರು. ಈಗ ಅಲ್ಲಿ ಎರಡು ಮಡಚುವ ಚಾಕುಗಳಿದ್ದವು.

“ಇದು ಬಲು ಚೂಪು, ಆದ್ರೆ ಬಿಚ್ಚೋಕೆ ಎರಡೂ ಕೈ ಬೇಕು. ಇದು ಒಂದೇ ಕೈಲಿ ಬಿಚ್ಕೊಳ್ಳುತ್ತೆ, ಎಷ್ಟು ಒತ್ತಿದ್ರೂ ಮಡಚಲ್ಲ.”

“ಎಡಗೈಲಿ ಬಿಚ್ಚಬಹುದಾ?” ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಿದ್ದ ಹೆಂಗಸು ಕೇಳಿದಳು.

“ಎಡಗೈ ಯಾಕಮ್ಮ?”

“ಹೊಡೆಯೋವಾಗ ಬಲಗೈ ತಿರುಚಿ ಹಿಡ್ಕೊಂಡಿರ್ತಾನೆ.”

“ಯಾರು?”

ಅವಳು ದುಪಟ್ಟಾ ಸರಿಸಿದಳು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು.

“ನಿಮ್ಮ ಮಗ. ಮದುವೆಗೆ ನೀವು ಬರಲಿಲ್ಲ, ನನ್ನ ಗುರುತು ಸಿಗಲ್ಲ ಮಾವ.”

ಆಚಾರಿ ಎರಡನೆಯ ಚಾಕುವನ್ನು ಬಿಚ್ಚಿ, ಹಿಡಿ ಮುಂದೆ ಮಾಡಿ, ಅವಳ ಎಡಗೈಗೆ ಕೊಟ್ಟರು.