ಗೋಡೆ ತೆಳ್ಳಗಿರುವ ಮನೆ

ಬಾಲ್ಕನಿಯಲ್ಲಿ ಗಂಡ ಹೆಂಡತಿಯ ಮಣಿಕಟ್ಟು ಹಿಡಿದ ರೀತಿ ಬ್ರೋಕರಮ್ಮನಿಗೆ ಸರಿ ಕಾಣಲಿಲ್ಲ.

ಹೆಂಡತಿ ಕಂಬಿಗೆ ಒರಗಿ ಕೆಳಗೆ ನೋಡುತ್ತಿದ್ದಳು, ಅಷ್ಟೇ. ಅವನು ಒಳಗಿನಿಂದ ಬಂದವನೇ ಹಿಂದಕ್ಕೆ ಎಳೆದುಕೊಂಡ. ಅವನ ಇನ್ನೊಂದು ತೋಳಿನಲ್ಲಿ ಕೂಸು. ಬೆಳಿಗ್ಗೆಯಿಂದ ಅದನ್ನು ಯಾರ ಕೈಗೂ ಕೊಟ್ಟಿರಲಿಲ್ಲ, ಹೆತ್ತವಳ ಕೈಗೂ.

"ಗಾಳಿ ಜಾಸ್ತಿ. ಒಳಗೆ ಬಾ," ಅಂದ.

ಹೊರಗೆ ಎಲೆಯೊಂದೂ ಅಲುಗುತ್ತಿರಲಿಲ್ಲ.

ಹೊಸ ಬಡಾವಣೆಯ ಮನೆ ಅದು. ಅಗಲವಾದ ರಸ್ತೆ, ಆಳೆತ್ತರದ ಕಾಂಪೌಂಡು, ಎರಡೂ ಪಕ್ಕದಲ್ಲಿ ಖಾಲಿ ಸೈಟು. ಗಂಡ ಗೇಟಿನಲ್ಲೇ ಮನಸೋತಿದ್ದ.

"ಇವಳಿಗೆ ನಿದ್ದೆ ಬರಲ್ಲ ಮೇಡಂ. ಸದ್ದುಗದ್ದಲ ಇರಬಾರದು."

"ಅವರೇ ಹೇಳಲಿ ಬಿಡಿ ಸಾರ್, ಬಾಯಿದೆಯಲ್ಲ," ಎಂದು ಬ್ರೋಕರಮ್ಮ ನಕ್ಕಳು. ಅವನು ನಗಲಿಲ್ಲ.

ಹೆಂಡತಿ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ನೋಡಿದಳು. "ಇಲ್ಲಿ ಕೂಗಿದರೆ ಯಾರಿಗಾದರೂ ಕೇಳುತ್ತಾ?"

"ಯಾರು ಕೂಗ್ತಾರೆ? ಯಾಕೆ ಕೂಗಬೇಕು?" ಗಂಡ ಥಟ್ಟನೆ ಬಾಯಿ ಹಾಕಿದ.

ಬ್ರೋಕರಮ್ಮನ ತಂಗಿ ಮದುವೆಯಾಗಿ ಸೇರಿದ್ದ ಮನೆಗೂ ಹೀಗೇ ಎತ್ತರದ ಕಾಂಪೌಂಡಿತ್ತು. "ಚೆನ್ನಾಗಿದೀನಿ ಕಣೇ" ಎನ್ನುತ್ತಲೇ ತಂಗಿ ಹೋಗಿಬಿಟ್ಟಿದ್ದಳು. ಪಕ್ಕದವರಿಗೆ ಏನೂ ಕೇಳಿಸಿರಲಿಲ್ಲವಂತೆ.

ಈ ಹುಡುಗಿಯನ್ನು ಇಲ್ಲಿ ಬಿಡಬಾರದು. ದೊಡ್ಡ ಕಮಿಷನ್ನಿಗೆ ಎಳ್ಳುನೀರು ಬಿಟ್ಟು, ಅವಳು ಇಬ್ಬರನ್ನೂ ಕೆಳಪೇಟೆಗೆ ಕರೆದೊಯ್ದಳು. ತಾನಿರುವ ಕಟ್ಟಡದಲ್ಲೇ, ತನ್ನ ಮನೆಯ ನೆತ್ತಿಯ ಮೇಲೆಯೇ ಒಂದು ಮನೆ ಬಾಡಿಗೆಗೆ ಖಾಲಿಯಿತ್ತು.

ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿ ದಾರಿ ಬಿಡಲಿಲ್ಲ. "ಹೊಸಬರಾ? ಮಗು ಗಂಡೋ ಹೆಣ್ಣೋ? ಬಾಣಂತಿ ಮುಖ ಯಾಕೆ ಹೀಗೆ ಬಿಳಿಚಿಕೊಂಡಿದೆ?"

"ನಮ್ಮ ಕಟ್ಟಡದ ಸಿಸಿಟಿವಿ ಇವರು," ಎಂದಳು ಬ್ರೋಕರಮ್ಮ. "ಕರೆಂಟ್ ಹೋದರೂ ಕೆಲಸ ಮಾಡ್ತಾರೆ."

ಒಳಗೆ ಪಕ್ಕದ ಮನೆಯ ಟಿವಿ ಇದೇ ಹಾಲ್‌ನಲ್ಲಿ ಮಾತಾಡುತ್ತಿತ್ತು. ಯಾರೋ ಸೀನಿದರು. ಇನ್ಯಾರೋ ಅವರನ್ನು ಬೈದರು.

"ಇದೇನು ಮನೆಯೋ, ಸಂತೆಯೋ! ನಡಿ ಹೋಗೋಣ," ಎಂದ ಗಂಡ.

ಹೆಂಡತಿ ಕದಲಲಿಲ್ಲ. ಮಲಗುವ ಕೋಣೆಯ ಬಾಗಿಲನ್ನು ತೆರೆದು ಮುಚ್ಚಿ ನೋಡಿದಳು. "ಒಳಗಿನ ಚಿಲಕಗಳನ್ನೆಲ್ಲ ತೆಗೆಸಿಬಿಡಬಹುದಾ?"

ಇನ್ನೊಂದು ಚಿಲಕ ಹಾಕಿಸಿ ಎಂದು ಕೇಳಿದವರನ್ನು ಬ್ರೋಕರಮ್ಮ ಕಂಡಿದ್ದಳು. ತೆಗೆಸಿ ಎಂದವಳು ಇವಳೇ ಮೊದಲು. ಪಾಪ, ಓಡುವಾಗ ಯಾವುದೂ ಅಡ್ಡ ಬರಬಾರದು ಅಂತಿರಬೇಕು.

"ನನಗೆ ಈ ಮನೆಯೇ ಬೇಕು," ಎಂದಳು ಹೆಂಡತಿ.

"ಡಾಕ್ಟರು ಏನಂದ್ರು? ಶಾಂತವಾಗಿರೋ ಜಾಗ ಅಂದ್ರಲ್ವಾ?"

"ಡಾಕ್ಟರು ನಮ್ಮ ಮನೇಲಿ ಇರಲ್ಲ."

"ನೀನು ಸುಮ್ಮನೆ ಏನೇನೋ ತಲೆಗೆ ಹಚ್ಚಿಕೊಳ್ತೀಯ. ಏನೂ ಆಗಲ್ಲ ಅಂದೆನಲ್ಲ." ಅವನು ಹಲ್ಲು ಕಚ್ಚಿ ದನಿ ತಗ್ಗಿಸಿದ. "ಹೊರಗಿನವರ ಮುಂದೆ ಬೇಡ."

ಮಗು ಕೊಸರಾಡಿತು. ಅವಳ ಕೈ ತಾನಾಗಿಯೇ ಮುಂದೆ ಬಂತು. ಅವನು ಭುಜ ತಿರುಗಿಸಿ ಅಡ್ಡ ನಿಂತ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬ್ರೋಕರಮ್ಮನ ಮೈ ಉರಿದುಹೋಯಿತು.

"ತಾಯಿ ಸಾರ್ ಅವರು. ಕೊಡಿ ಮಗೂನ."

"ನಿಮಗೆ ಗೊತ್ತಾಗಲ್ಲ, ಸುಮ್ಮನಿರಿ."

ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಕೊನೆಗೆ ಸೋತವನು ಅವನೇ. "ಆಯ್ತು. ನಿನ್ನಿಷ್ಟ," ಎಂದು ಮಗುವನ್ನು ಎದೆಗವಚಿಕೊಂಡು ಕಾರಿನತ್ತ ಇಳಿದುಹೋದ.

ಹೆಜ್ಜೆ ಸದ್ದು ಅಡಗಿದ ಮೇಲೆ ಬ್ರೋಕರಮ್ಮ ಅವಳ ಹತ್ತಿರ ಸರಿದಳು. ತಂಗಿಗೆ ಹೇಳಲಾಗದ್ದು ಈಗ ಬಾಯಿಗೆ ಬಂತು.

"ಹೆದರಬೇಡಮ್ಮ. ಕೆಳಗೇ ಇರ್ತೀನಿ. ಅವನು ಕೈ ಎತ್ತಿದ ದಿನ ಒಂದು ಸಲ ಕೂಗು, ಸಾಕು. ಇಡೀ ಕಟ್ಟಡ ಎದ್ದು ಬರುತ್ತೆ."

ಅವಳು ಮೊದಲ ಬಾರಿಗೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಆ ಕಣ್ಣುಗಳಲ್ಲಿ ನೀರಿರಲಿಲ್ಲ.

"ಅವರು ಇರುವೆಯನ್ನೂ ತುಳಿಯೋರಲ್ಲ ಅಕ್ಕಾ. ಮುಂದಿನ ವಾರದಿಂದ ಅವರಿಗೆ ರಾತ್ರಿ ಪಾಳಿ, ಮಗು ಜೊತೆ ನಾನೊಬ್ಬಳೇ. ಅದು ಅತ್ತರೆ ನನ್ನನ್ನ ಏನೂ ಕೇಳಬೇಡಿ, ಒಳಗೆ ಬಂದು ನನ್ನ ಕೈಯಿಂದ ಕಿತ್ಕೊಂಡು ಹೋಗಿಬಿಡಿ."