ನಡುವೆ ಸಿಗುವ ಊರು

“ನಿನ್ನೊಬ್ಬಳನ್ನ ಹೊರಗೆ ಬಿಡಲ್ವಂತೆ,” ಎಂದ ಗಂಡ, ಮೊಬೈಲಿನಿಂದ ಕಣ್ಣೆತ್ತದೆ.

ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಬಂದು ಅವನ ಹೆಗಲ ಮೇಲಿಂದ ಇಣುಕಿದಳು. ಅಕ್ಕನ ಮನೆಗೆ ಹೋಗುವ ದಾರಿಯಲ್ಲಿ ವಿಮಾನ ಬದಲಿಸಬೇಕಾದ ಊರು. ಅಲ್ಲಿ ಒಂದು ರಾತ್ರಿ. ನಿಲ್ದಾಣದಿಂದ ಹೊರಬಂದು ಊರೊಳಗೆ ಹೋಗಲು ಯಾವ ದೇಶದ ಪಾಸ್‌ಪೋರ್ಟಿಗೆ ವೀಸಾ ಬೇಡ ಎಂಬ ಪಟ್ಟಿ ಮೊಬೈಲಿನಲ್ಲಿತ್ತು. ಗಂಡ, ಮಗಳು, ಅತ್ತೆ, ಮೂವರೂ ಈಗ ಹೊಸ ದೇಶದ ಪ್ರಜೆಗಳು, ನಿರಾತಂಕವಾಗಿ ಹೋಗಬಹುದು. ಅವಳದು ಇನ್ನೂ ಹಳೆಯ ದೇಶದ ಪಾಸ್‌ಪೋರ್ಟು, ಆಗದು. ತಿಂಗಳ ಹಿಂದೆ ಇದನ್ನೇ ಓದಿ “ನಮಗೆ ವೀಸಾ ಬೇಡ” ಎಂದು ಮನೆಮಂದಿಗೆಲ್ಲ ಹೇಳಿದವಳು ಅವಳೇ. ಆ ‘ನಮಗೆ’ಯೊಳಗೆ ತಾನಿಲ್ಲ ಎಂಬುದು ಹೊಳೆದೇ ಇರಲಿಲ್ಲ.

“ಈಗ ಅರ್ಜಿ ಹಾಕಿದ್ರೆ?”

“ಮೂರು ವಾರ ಬೇಕಂತೆ. ನಾವು ಹೊರಡೋದು ಶನಿವಾರ.” ಅವನು ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದ. “ಅವತ್ತೇ ಬಡ್ಕೊಂಡೆ, ನಮ್ಮ ಜೊತೆ ನಿಂದೂ ಬದಲಾಯಿಸಿಬಿಡೋಣ ಅಂತ. ಕೇಳಿದ್ಯಾ?”

ಕೇಳಿರಲಿಲ್ಲ. ನಾಳೆ, ನಾಡಿದ್ದು ಎಂದು ಮುಂದೂಡುತ್ತ ಬಂದಿದ್ದಳು. ಅಪ್ಪನ ಹೆಸರು ಅಚ್ಚಾಗಿ ಅವಳ ಬಳಿ ಉಳಿದಿದ್ದ ಕಾಗದ ಅದೊಂದೇ. ಇದನ್ನು ಯಾವ ಕಚೇರಿಯಲ್ಲಿ ತಾನೇ ಕಾರಣವೆಂದು ಹೇಳಲಾದೀತು? ಅವಳು ಹೋಗಿ, ಆಗಲೇ ಇಸ್ತ್ರಿಯಾಗಿದ್ದ ಅಂಗಿಯ ತೋಳನ್ನೇ ಮತ್ತೆ ತಿಕ್ಕಿದಳು. ಬಿಟ್ಟು ಕಿಟಕಿಗೆ ಹೋದಳು. ಅಲ್ಲಿಯೂ ನಿಲ್ಲಲಾಗಲಿಲ್ಲ. ಆಸ್ಪತ್ರೆಯಲ್ಲಿ ದಾದಿಯರ ಪಾಳಿ ಹೊಂದಿಸುವುದು ಅವಳ ಉದ್ಯೋಗ. ಒಬ್ಬರ ರಜೆ ಇನ್ನೊಬ್ಬರ ಕಾಲಿಗೆ ತೊಡರದಂತೆ ನೋಡುವುದರಲ್ಲಿ ಪಳಗಿದ ಕೈ. ಆ ಒಂದು ರಾತ್ರಿಯನ್ನೂ ಹಾಗೆಯೇ ಹೊಂದಿಸಿದ್ದಳು. ರೈಲು, ಸೇತುವೆ, ದೀಪ ಹತ್ತುವ ಹೊತ್ತಿಗೆ ನದಿಯ ಮೆಟ್ಟಿಲು, ಆಮೇಲೆ ದೋಣಿ. ಮಂಡಿನೋವಿನ ಅತ್ತೆಗೆ ಹೋಟೆಲಿನ ಕೋಣೆಯಲ್ಲಿ ವಿಶ್ರಾಂತಿ. ಎಲ್ಲರಿಗೂ ಓದಿ ಹೇಳಿದಾಗ ಅತ್ತೆ ಏನೂ ಅಂದಿರಲಿಲ್ಲ. ಅಕ್ಕನ ಮನೆಗಿಂತ ಹೆಚ್ಚಾಗಿ ಅವಳು ಕಾಯುತ್ತಿದ್ದುದು ಆ ಮೆಟ್ಟಿಲುಗಳಿಗೆ.

“ಹಾಗಾದ್ರೆ ಯಾರೂ ಹೋಗೋದು ಬೇಡ,” ಎಂದು ಗಂಡ ಮಗಳ ಮುಖ ನೋಡಿದ.

“ಹ್ಞೂಂ, ಬೇಡ,” ಎಂದಳು ಮಗಳು. ಅವಳ ಹೆಬ್ಬೆರಳು ಮಾತ್ರ ಸೇತುವೆಯ ಫೋಟೋಗಳನ್ನು ಒಂದೊಂದಾಗಿ ಸರಿಸುತ್ತಲೇ ಇತ್ತು.

“ನೀವು ಹೋಗಿ. ನನ್ನ ಮುಖ ನೋಡ್ಕೊಂಡು ಎಲ್ಲರೂ ಏರ್‌ಪೋರ್ಟ್ ಕುರ್ಚಿ ಮೇಲೆ ತೂಕಡಿಸಿ ಏನಾಗಬೇಕು?”

ಇನ್ನೆರಡು ಸಲವಾದರೂ ‘ಬೇಡ’ ಅಂದಾರು ಎಂದುಕೊಂಡಿದ್ದಳು. ಈ ಮನೆಯಲ್ಲಿ ಎರಡನೇ ಲೋಟ ಕಾಫಿಗೂ ಅಷ್ಟು ಉಪಚಾರವಿತ್ತು. ಈಗ ಒಂದೇ ಮಾತಿಗೆ ಒಪ್ಪಿಗೆಯಾಗಿಹೋಯಿತು.

“ಅಮ್ಮಾ, ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು ಕಣೇ,” ಎಂದಳು ಮಗಳು, ಮುಖವರಳಿಸಿ. “ಬ್ಯಾಗುಗಳನ್ನೆಲ್ಲ ಹೊತ್ಕೊಂಡು ರೈಲಲ್ಲಿ ಹೋಟೆಲ್ ತನಕ ಹೇಗೆ ಹೋಗೋದು ಅಂತಿದ್ವಲ್ಲ? ನಿನ್ನ ಹತ್ರಾನೇ ಬಿಟ್ಟು ಹೋಗಬಹುದು!”

“ಬಾಡಿಗೆ ಇಲ್ಲದ ಲಾಕರು,” ಎಂದು ಗಂಡ ನಕ್ಕ. “ನಿದ್ದೆನೂ ಮಾಡಲ್ಲ.”

ಸೋಫಾದ ಮೇಲೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅತ್ತೆ ನಗಲಿಲ್ಲ. ಅವಳು ನಕ್ಕಳು, ಆ ಗಳಿಗೆಗೆ ಬೇರೇನೂ ತೋಚಲಿಲ್ಲ. ಕೋಣೆಗೆ ಹೋಗಿ ಮಂಚದ ಮೇಲೆ ಕುಳಿತಳು, ಎದ್ದಳು, ಮತ್ತೆ ಕುಳಿತಳು. ಹೊರಗೆ ಅಪ್ಪ ಮಗಳು ದೋಣಿಯೋ ಗೋಪುರವೋ ಎಂದು ಜಗ್ಗಾಡುತ್ತಿದ್ದರು. ಅವಳು ತನ್ನ ಮೊಬೈಲು ತೆಗೆದು ಟಿಕೆಟ್ಟಿನ ಪುಟ ತೆರೆದಳು. ಅವರು ಇಳಿಯುವ ಸಂಜೆಯೇ ಅಕ್ಕನ ಊರಿಗೆ ಇನ್ನೊಂದು ವಿಮಾನವಿತ್ತು. ಎಷ್ಟು ಜನ ಎಂದು ಪುಟ ಕೇಳಿತು. ಬೆರಳು ರೂಢಿಯಂತೆ ನಾಲ್ಕರ ಕಡೆಗೇ ಹೋಗಿ, ತಡೆದು, ಒಂದನ್ನು ಒತ್ತಿತು.

ಹೊರಗೆ ಬಂದು ಹೇಳಿದಳು: “ನಾನು ಅಲ್ಲಿ ಉಳ್ಕೊಳ್ಳಲ್ಲ. ಟಿಕೆಟ್ ಬದಲಾಯಿಸಿದೆ. ಅವತ್ತೇ ರಾತ್ರಿ ಅಕ್ಕನ ಮನೆಗೆ ಹೋಗ್ತೀನಿ. ನೀವು ಮಾರನೇ ದಿನ ಬನ್ನಿ.”

ಗಂಡ ಎದ್ದೇ ನಿಂತ. “ನನ್ನನ್ನೊಂದು ಮಾತು ಕೇಳದೆ? ಒಬ್ಬಳೇ ಹೋಗ್ತೀಯಾ?”

“ಒಬ್ಬಳೇ ಬೆಳಗಿನ ತನಕ ಬ್ಯಾಗು ಕಾಯ್ತಾ ಕೂತಿರಬಹುದು. ಒಬ್ಬಳೇ ಹೊರಟ್ರೆ ಮಾತ್ರ ಕಷ್ಟ, ಅಲ್ವಾ?”

ಮಗಳ ಹೆಬ್ಬೆರಳು ನಿಂತಿತು. ಗಂಡ ನೀರಿನ ಲೋಟಕ್ಕೆ ಕೈ ಚಾಚಿದ.

ಅತ್ತೆ ಎಣ್ಣೆ ಬಾಟಲಿಯ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಬಿಗಿ ಮಾಡಿದರು. “ನಿನ್ನ ಪಕ್ಕ ಇನ್ನೊಂದು ಸೀಟು ಇದೆಯಾ ನೋಡು. ಆ ಹೋಟೆಲ್ ರೂಮಲ್ಲಿ ಗೋಡೆ ನೋಡ್ಕೊಂಡು ಬಿದ್ದಿರೋಕೆ ನನಗೂ ಇಷ್ಟ ಇರಲಿಲ್ಲ.”

ಅವಳು ದಂಗಾದಳು. “ಒಂದು ಮಾತು ಹೇಳಬಾರದಿತ್ತಾ ಅತ್ತೆ?”

“ನೀನು ಕೇಳಿದ್ಯಾ?” ಎಂದರು ಅತ್ತೆ.