ಅರ್ಧ ಲೋಟ ಕಾಫಿ

ಮದುವೆಯಾಗಿ ಇಪ್ಪತ್ತನೇ ದಿನಕ್ಕೆ ಸೊಸೆಯ ಕತ್ತು ಒಂದು ಕಡೆಗೆ ಸೆಟೆದುಕೊಂಡಿತು. ನಾಲಿಗೆ ದಪ್ಪವಾಗಿ ಮಾತು ತೊದಲಿತು. ಜಾತಕದಲ್ಲಿ ಮೂವತ್ತಾರಕ್ಕೆ ಮೂವತ್ತೆರಡು ಗುಣ ಕೂಡಿದೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದ ಅತ್ತೆ ಈಗ ಡಾಕ್ಟರ ಮೇಜು ಗುದ್ದಿದರು.

"ಹುಚ್ಚು ಮುಚ್ಚಿಟ್ಟು ಮದುವೆ ಮಾಡಿದಾರೆ! ಇವತ್ತೇ ತವರಿಗೆ ಕಳಿಸ್ತೀನಿ. ನಮ್ಮ ವಂಶದಲ್ಲಿ ಏಳು ತಲೆಮಾರಿಂದ ಇಂಥದ್ದು ಕಂಡೋರಿಲ್ಲ."

"ಇದು ಹುಚ್ಚಲ್ಲಮ್ಮ," ಎಂದರು ಡಾಕ್ಟರು. "ಹುಚ್ಚಿಗೆ ಕೊಡೋ ಮಾತ್ರೆಯ ಅಡ್ಡಪರಿಣಾಮ. ಯಾವುದು ತಗೊಂಡ್ರಿ?"

ಸೊಸೆ ಇಲ್ಲವೆಂದು ಕೈಯಾಡಿಸಿದಳು. ಪಕ್ಕದಲ್ಲಿದ್ದ ಗಂಡ ಹೇಳಿದ: "ಮಾತ್ರೆ ಏನೂ ಇಲ್ಲ ಡಾಕ್ಟ್ರೇ. ನಾನು ತಿಂದಿದ್ದನ್ನೇ ತಿಂತಾಳೆ. ಬೆಳಿಗ್ಗೆ ಅಮ್ಮ ನಂಗೆ ಕೊಡೋ ಕಾಫೀಲೇ ಅರ್ಧ ಕುಡೀತಾಳೆ."

ಅತ್ತೆ ಮಗನನ್ನು ದುರುಗುಟ್ಟಿ ನೋಡಿದರು.

"ಎಲ್ಲರ ಮೈಯೂ ಒಂದೇ ಥರ ಇರಲ್ಲ," ಡಾಕ್ಟರು ವಿವರಿಸಿದರು. "ಹುಟ್ಟಿನಿಂದ ಬಂದ ವಂಶವಾಹಿ ಹಾಗಿದ್ರೆ, ಆ ಮಾತ್ರೆ ಮೈಯಲ್ಲಿ ಬೇಗ ಕರಗಲ್ಲ. ಚೂರು ಹೋದ್ರೂ ಹೀಗಾಗುತ್ತೆ. ಕೆಲವರಿಗೆ ಇಡೀ ಮಾತ್ರೆ ಕೊಟ್ರೂ ಏನೂ ತಟ್ಟಲ್ಲ."

ಅತ್ತೆಯ ಮುಖ ಅರಳಿತು.

"ನೋಡಿದ್ರಾ, ಹುಟ್ಟಿನಲ್ಲೇ ದೋಷ ಅಂತ ನೀವೇ ಹೇಳಿದ್ರಿ! ಅರ್ಧ ಲೋಟಕ್ಕೇ ಬಿದ್ದಳು, ಕೆಲಸಕ್ಕೆ ಬಾರದ ವಂಶ! ನನ್ನ ಮಗನ ಕಾಫಿಗೆ ಆರು ವರ್ಷದಿಂದ ದಿನಾ ಅದೇ ಮಾತ್ರೆ ಹಾಕ್ತಿದೀನಿ, ಒಂದಿನ ಆಕಳಿಸಿದ್ನಾ ಕೇಳಿ!"